1973ರ ಎಂಜಿಬಿ: ಟ್ರಾಫಿಕ್‌ನಲ್ಲಿ ಕುದಿಯುತ್ತೆ, ರಾತ್ರಿ ಲೈಟ್ ಮಂಕಾಗುತ್ತೆ – ಅನುಭವ ಇರುವವರು ಹೇಳಿ

ಡಲ್ಲಾಸ್ ರೋಡ್‌ಸ್ಟರ್:
ಎಲ್ಲರಿಗೂ ನಮಸ್ಕಾರ. ಗಾಡಿ 1973ರ ಎಂಜಿಬಿ ರೋಡ್‌ಸ್ಟರ್, ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಕ್ರೋಮ್ ಬಂಪರ್, 1798 ಸಿಸಿ, ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೋ ಯಂತ್ರ) ಹಳೆಯ ಲ್ಯೂಕಸ್‌ದೇ. ಹಿಂದಿನ ಮಾಲೀಕರು ಬೆಲ್ಟ್ ಫ್ಯಾನ್ ತೆಗೆದು ರೇಡಿಯೇಟರ್ ಮುಂದೆ ಒಂದು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದ್ದಾರೆ. ಹೊರಗೆ 38 ಡಿಗ್ರಿ ಇದ್ದಾಗ ಸಿಗ್ನಲ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಎಚ್ (ಹಾಟ್) ಕಡೆ ಹೋಗುತ್ತೆ, ಓವರ್‌ಫ್ಲೋ ಪೈಪಿನಿಂದ ನೀರು ಚೆಲ್ಲುತ್ತೆ. ರಾತ್ರಿ ಐಡ್ಲಿಂಗ್‌ನಲ್ಲಿ ಹೆಡ್‌ಲೈಟ್ ಮಂಕು, ಇಂಡಿಕೇಟರ್ ನಿಧಾನ. ಆಕ್ಸಿಲರೇಟರ್ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಟೆಂಪರೇಚರ್ ಮುಳ್ಳು, ಪೆಟ್ರೋಲ್ ಮುಳ್ಳು ಎರಡೂ ಒಟ್ಟಿಗೆ ಏರುತ್ತವೆ, ಬಿಟ್ಟರೆ ಒಟ್ಟಿಗೆ ಇಳಿಯುತ್ತವೆ. ಕೈಯಲ್ಲಿ 1,500 ಡಾಲರ್ ಇದೆ. ಮೊದಲು ಅಲ್ಯೂಮಿನಿಯಂ ರೇಡಿಯೇಟರ್ ತಗೊಳ್ಳಲಾ, ಪೂರ್ತಿ ವೈರಿಂಗ್ ಹಾರ್ನೆಸ್ ಬದಲಿಸಲಾ?

ಹ್ಯೂಸ್ಟನ್ ಕನ್ನಡಿಗ:
ರೇಡಿಯೇಟರೇ ತಗೊಳ್ಳಿ, ಹಿಂದೆಮುಂದೆ ನೋಡಬೇಡಿ. ನನ್ನದು 71ರ ಗಾಡಿ, ಇದೇ ಟೆಕ್ಸಸ್ ಬಿಸಿಲು. ಎರಡು ಸಾಲಿನ ಅಲ್ಯೂಮಿನಿಯಂ ರೇಡಿಯೇಟರಿಗೆ 365 ಡಾಲರ್, ಸಾಗಣೆಗೆ 48. ಎಡಗಡೆಯ ಬೋಲ್ಟ್ ತೂತುಗಳು ಕೂಡಲಿಲ್ಲ, ಅರ ಹಾಕಿ ಉದ್ದ ಮಾಡಬೇಕಾಯ್ತು. ಕೆಳಗಿನ ಹೋಸ್ ಕೂರುವ ಕತ್ತು ಮೂಲದ್ದಕ್ಕಿಂತ ಓರೆ, ಅದಕ್ಕೆ ಬೇರೆ ಹೋಸ್ 22 ಡಾಲರ್. ಬಂದ ಹೋಸಿನೊಳಗೆ ಸ್ಪ್ರಿಂಗ್ ಇರಲಿಲ್ಲ, ವಾಪಸ್ ಕಳಿಸೋ ಖರ್ಚು 11. ಈ ಸ್ಪ್ರಿಂಗ್ ವಿಷಯ ಗಮನಿಸಿ: ಅದಿಲ್ಲದಿದ್ದರೆ ಹೈವೇಲಿ ಪಂಪ್ ಎಳೆತಕ್ಕೆ ಕೆಳಗಿನ ಹೋಸ್ ಚಪ್ಪಟೆ ಆಗಿ ನೀರು ಓಡಲ್ಲ. ಗಾಡಿ ನಿಲ್ಲಿಸಿ ಬಾನೆಟ್ ತೆಗೆಯುವಷ್ಟರಲ್ಲಿ ಮತ್ತೆ ಉಬ್ಬಿಕೊಂಡಿರುತ್ತೆ, ಅದಕ್ಕೇ ಯಾರ ಕಣ್ಣಿಗೂ ಬೀಳಲ್ಲ.

ರೇಡಿಯೇಟರ್ ಹಿಂದೆ ಎರಡು ಫ್ಯಾನ್, 170 ಡಾಲರ್. ಒಂದೊಂದೂ 10 ಆಂಪ್ ಎಳೆಯುತ್ತೆ, ಶುರುವಾಗುವಾಗ ಅದರ ದುಪ್ಪಟ್ಟು. ಅದಕ್ಕೆ ಹಳೆಯ ಆಲ್ಟರ್ನೇಟರ್ ಸಾಲಲ್ಲ, 63 ಆಂಪಿಂದು 190 ಡಾಲರ್. ಆಲ್ಟರ್ನೇಟರಿಂದ ಸೆಲ್ಫ್ ಮೋಟರ್ ಬೋಲ್ಟಿಗೆ ಬರೋ ಕಂದು ವೈರ್ 35 ಆಂಪಿನ ಲೆಕ್ಕದ್ದು, ಅದರ ಜೊತೆಗೆ ಇನ್ನೊಂದು ದಪ್ಪ ವೈರ್ ಎಳೆಯಲೇಬೇಕು, ಇಲ್ಲದಿದ್ದರೆ ಪ್ಲಗ್ ಕರಗುತ್ತೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್), ಫ್ಯೂಸ್, ವೈರ್ ಸೇರಿ 64. ಒಟ್ಟು 870 ಡಾಲರ್. ಈಗ 40 ಡಿಗ್ರಿಯಲ್ಲೂ ಮುಳ್ಳು ಎನ್ (ನಾರ್ಮಲ್) ದಾಟಲ್ಲ. ಎಂಜಿಬಿ ಕಟ್ಟಿದ ಅಬಿಂಗ್ಡನ್ ಕಾರ್ಖಾನೆಯವರೇ 1973ರ ವಿ8 (ಎಂಟು ಸಿಲಿಂಡರ್) ಮಾದರಿಗೆ ಎರಡು ಎಲೆಕ್ಟ್ರಿಕ್ ಫ್ಯಾನ್ ಹಾಕಿದ್ದರು. ಅವರಿಗೆ ಸರಿ ಅನ್ನಿಸಿದ್ದು ನಮಗ್ಯಾಕೆ ಬೇಡ?

ಬಸವನಗುಡಿ 64:
ವಿ8 ಎಂಜಿನ್ ಬೇರೆ, ಅದರ ರೇಡಿಯೇಟರ್ ಜಾಗ ಬೇರೆ. ಅದನ್ನ ತೋರಿಸಿ ನಾಲ್ಕು ಸಿಲಿಂಡರಿಗೆ ನ್ಯಾಯ ಹೇಳಬೇಡಿ. ಇಷ್ಟೆಲ್ಲ ಕಿತ್ತು ಹಾಕಿದ ಮೇಲೆ ಅದನ್ನ ಎಂಜಿಬಿ ಅಂತ ಕರೆಯೋದೂ ನನಗೆ ಒಪ್ಪಿಗೆ ಇಲ್ಲ.

ನನ್ನದು 64ರದ್ದು, ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ ಬಾಡಿಗೆ), ಡೈನಮೋ (ಆಲ್ಟರ್ನೇಟರಿಗೂ ಹಿಂದಿನ ಚಾರ್ಜಿಂಗ್ ಯಂತ್ರ), ಬೆಲ್ಟ್ ಫ್ಯಾನ್, ರೇಡಿಯೇಟರಿಗೆ 7 ಪಿಎಸ್‌ಐ ಕ್ಯಾಪ್. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುತ್ತೆ, ಕುದಿಯಲ್ಲ. ಖರ್ಚು ಬರೆದುಕೊಳ್ಳಿ: ಜೆ.ಸಿ. ರಸ್ತೆಯಲ್ಲಿ ರೇಡಿಯೇಟರಿನ ತಾಮ್ರ-ಹಿತ್ತಾಳೆ ಕೋರ್ (ನೀರು ತಣ್ಣಗಾಗೋ ಟ್ಯೂಬಿನ ಜಾಲ) ಹೊಸದಾಗಿ ಕಟ್ಟಿಸಿದ್ದಕ್ಕೆ 16,500 ರೂಪಾಯಿ, ಮೇಲಿನ ಟ್ಯಾಂಕ್ ಬೆಸುಗೆ 1,200. ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ತೆರೆದು ರೇಡಿಯೇಟರಿಗೆ ಬಿಡೋ ವಾಲ್ವ್) ಹೌಸಿಂಗಿನ ಮೂರು ಸ್ಟಡ್‌ನಲ್ಲಿ ಎರಡು ಮುರಿದವು. ಅಲ್ಯೂಮಿನಿಯಂ ಹೌಸಿಂಗ್, ಉಕ್ಕಿನ ಸ್ಟಡ್, ನಡುವೆ ದಶಕಗಳ ತುಕ್ಕು, ಸುತ್ತಿಗೆಯಲ್ಲಿ ಬಡಿದರೆ ಹೌಸಿಂಗೂ ಸೀಳುತ್ತೆ. ಕೊರೆದು ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡೋ ತಂತಿ ಸುರುಳಿ) ಹಾಕಿಸಲು 1,800. ಥರ್ಮೋಸ್ಟಾಟ್ ಬೆಲೆ 900, ಕೊರಿಯರ್ ಮತ್ತು ಕಸ್ಟಮ್ಸ್ ಸೇರಿ ಮನೆಗೆ ಬಂದಾಗ 3,400. ಈ ಕೊನೆಯ ಲೆಕ್ಕ ಇಂದಿಗೂ ಹೊಟ್ಟೆ ಉರಿಸುತ್ತೆ.

ಆದರೆ ಕಾಯಿಲೆ ಇದ್ದದ್ದು ಕೋರ್‌ನಲ್ಲಿ ಮಾತ್ರ ಅಲ್ಲ, ಬ್ಲಾಕಿನ ಹಿಂಭಾಗದಲ್ಲೂ. ನಾಲ್ಕನೇ ಸಿಲಿಂಡರ್ ಸುತ್ತ ನೀರಿನ ಓಟ ನಿಧಾನ, ಎಂಜಿನ್ ಎರಕದ ಮರಳು, ತುಕ್ಕು, ಬೋರ್‌ವೆಲ್ ನೀರಿನ ಸುಣ್ಣ ಎಲ್ಲ ಅಲ್ಲೇ ಕೂರುತ್ತವೆ. ಬ್ಲಾಕಿನ ಡ್ರೈನ್ ಟ್ಯಾಪ್ ಬಿಚ್ಚಿದಾಗ ಒಂದು ಹನಿಯೂ ಬರದಿದ್ದರೆ ನೀರು ಇಲ್ಲ ಅಂತಲ್ಲ, ತೂತಿನ ಹಿಂದೆ ಕೆಸರು ಗಟ್ಟಿಯಾಗಿದೆ ಅಂತ. ಗಟ್ಟಿ ತಂತಿ ಬಗ್ಗಿಸಿ ಒಳಗೆ ಕೆದಕಬೇಕು. ಮೊದಲು ಇಟ್ಟಿಗೆ ಬಣ್ಣದ ಹೆಂಟೆ ಬರುತ್ತೆ, ಆಮೇಲೆ ಕಾಫಿ ಗಸಿಯಂಥದ್ದು, ಕೊನೆಗೆ ನೀರು. ಥರ್ಮೋಸ್ಟಾಟ್ ತೆಗೆದಿಟ್ಟು ಲೀಟರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ, 80 ಡಿಗ್ರಿವರೆಗೆ ಬಿಸಿ ಮಾಡಿ, ಇಪ್ಪತ್ತು ನಿಮಿಷ ಓಡಿಸಿ ಚೆಲ್ಲಿ. ಹೆಚ್ಚು ಹೊತ್ತು ಬಿಟ್ಟರೆ ಹೌಸಿಂಗಿನ ಅಲ್ಯೂಮಿನಿಯಂ ತಿನ್ನುತ್ತೆ. ಆಮೇಲೆ ಅಡುಗೆ ಸೋಡಾ ನೀರು ಒಂದು ಸಲ, ಬರೀ ನೀರು ತಿಳಿಯಾಗೋವರೆಗೆ. ಇದನ್ನ ಮಾಡದೆ ಹೊಸ ಅಲ್ಯೂಮಿನಿಯಂ ರೇಡಿಯೇಟರ್ ಕೂರಿಸಿದರೆ ಬ್ಲಾಕಿನ ಕೆಸರೆಲ್ಲ ಹೊಸ ಟ್ಯೂಬಿಗೆ ಹೋಗಿ ಕೂರುತ್ತೆ.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್:
ಡಲ್ಲಾಸ್ ಸರ, ರೇಡಿಯೇಟರ್ ಆಮ್ಯಾಲ ನೋಡೂಣ್ರಿ. ಮೊದ್ಲ ಮಲ್ಟಿಮೀಟರ್ ತೊಗೊಳ್ರಿ, 20 ಡಾಲರ್ ಸಾಕು. ಎರಡು ಮುಳ್ಳು ಕೂಡೇ ಏರಿ ಕೂಡೇ ಇಳೀತಾವ ಅಂದ್ರ ನೀರಿನ ಬಿಸಿಗೂ ಅದಕ್ಕೂ ಸಂಬಂಧ ಇಲ್ರಿ. ಡ್ಯಾಶ್‌ಬೋರ್ಡ್ ಹಿಂದ ಒಂದು ಸಣ್ಣ ತಗಡಿನ ಡಬ್ಬಿ ಐತಿ, ವೋಲ್ಟೇಜ್ ಸ್ಟೆಬಿಲೈಸರ್. ಹಸಿರು ವೈರಿನ್ಯಾಗ 12–14 ವೋಲ್ಟ್ ಒಳಗ ಬರ್ತೈತಿ, ತಿಳಿಹಸಿರಿನ್ಯಾಗ ಸರಾಸರಿ 10 ವೋಲ್ಟ್ ಎರಡೂ ಮೀಟರಿಗೆ ಹೋಗ್ತೈತಿ. ಒಳಗಿನ ಪಟ್ಟಿ ಬಿಸಿಯಾಗಿ ಬಿಡ್ತೈತಿ, ತಣ್ಣಗಾಗಿ ಕೂಡ್ತೈತಿ, ಹಿಂಗ ಕಡಿದು ಕೂಡಿ 10 ಆಗ್ತೈತಿ. ಆ ಪಟ್ಟಿ ಬಿಸಿಯಾಗಾಕ ಡಬ್ಬಿಗೆ ಅರ್ಥ್ ಬೇಕು. ಆ ಅರ್ಥ್ ಬರೂದು ಡಬ್ಬಿ ಹಿಡಿದ ಒಂದೇ ಸ್ಕ್ರೂದಿಂದ. ಸ್ಕ್ರೂ ಸಡಿಲಾದ್ರ, ಕೆಳಗ ತುಕ್ಕು ಹಿಡಿದ್ರ ಕಡಿಯೂದ ನಿಂತು ಪೂರಾ 14 ವೋಲ್ಟ್ ಮೀಟರಿಗೆ ಹೋಗ್ತೈತಿ. ಮುಳ್ಳು ಸುಳ್ಳು ಹೇಳಾಕ ಹತ್ತತೈತಿ.

ನೋಡೂದು ಹೆಂಗ ಅಂದ್ರ, ತಿಳಿಹಸಿರಿಗೂ ಅರ್ಥಿಗೂ ನಡುವ 12 ವೋಲ್ಟಿನ ಸಣ್ಣ ಬಲ್ಬ್ ಹಚ್ರಿ. ಹತ್ತಿ ಆರಿ ಹತ್ತಿ ಆರಿದ್ರ ಡಬ್ಬಿ ಚಲೋ ಐತಿ. ಒಂದೇ ಸವನ ಉರದ್ರ ಸ್ಕ್ರೂ ಬಿಚ್ಚಿ ಎಮರಿ ಪೇಪರಿನಿಂದ ಲೋಹ ಹೊಳೆಯೂತನಕ ತಿಕ್ಕಿ ಕೂಡಸ್ರಿ. ಆದ್ರೂ ಆಗ್ಲಿಲ್ಲಂದ್ರ ಡಬ್ಬಿ ಹೋಗೇತಿ. ಹೊಸಾದು ಹಚ್ಚೂಮುಂದ ಮ್ಯಾಲ ಅಂತ ಬರದ ಕಡೆ ಮ್ಯಾಲೇ ಇರ್ಬೇಕು.

ಇನ್ನ ಆ ಫ್ಯಾನ್. ಯಾವ ವೈರಿಗೆ ಹಚ್ಯಾರ ನೋಡ್ರಿ. ನೂರಕ್ಕೆ ತೊಂಬತ್ತು ಮಂದಿ ಫ್ಯೂಸ್ ಬಾಕ್ಸಿನ ಹಸಿರು ಕಡೆ ಹಚ್ಚಿರ್ತಾರ, ಯಾಕಂದ್ರ ಚಾವಿ ತೆಗದ್ರ ಆಫ್ ಆಗ್ತೈತಿ. ಆ ಹಸಿರಿನ ಮ್ಯಾಲೇ ಇಂಡಿಕೇಟರ್, ಬ್ರೇಕ್ ಲೈಟ್, ವೈಪರ್, ಮೀಟರ್ ಎಲ್ಲಾ ನಡೀತಾವ. 10 ಆಂಪ್ ಫ್ಯಾನ್ ಅಲ್ಲೇ ಕೂತ್ರ ಇಂಡಿಕೇಟರ್ ನಿಧಾನ ಆಗದ ಇನ್ನೇನ್ರಿ? ಆ ಕರೆಂಟ್ ಕಂದು ವೈರಿನಿಂದ ಇಗ್ನಿಷನ್ ಸ್ವಿಚ್ಚಿಗೆ, ಅಲ್ಲಿಂದ ಬಿಳಿಗೆ, ಬಿಳಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ಹಸಿರಿಗೆ ಬರಬೇಕು. ಒಂದೊಂದು ಜೋಡಿನ್ಯಾಗ ಕಾಲು ವೋಲ್ಟ್ ಹೋದ್ರೂ ಫ್ಯಾನಿಗೆ 10 ವೋಲ್ಟ್ ಉಳಿದ್ರ ಪುಣ್ಯ. 10 ವೋಲ್ಟಿನ್ಯಾಗ ಫ್ಯಾನ್ ಅರ್ಧಂಬರ್ಧ ತಿರಗ್ತೈತಿ, ಎಂಜಿನ್ ಕುದೀತೈತಿ. ನಿಮ್ಮ ಎರಡು ರೋಗ ಒಂದೇ ಇರಬಹುದು ಅಂತ ನಾ ಹೇಳೂದು.

ರಿಲೇ ಹಚ್ರಿ, ಅದರ ಪಿನ್ನಿಗೆ ನಂಬರ್ ಇರ್ತಾವ: 30ಕ್ಕ ಸೆಲ್ಫ್ ಬೋಲ್ಟಿನ ಕಂದಿನಿಂದ 20 ಆಂಪ್ ಫ್ಯೂಸ್ ಹಾದು ನೇರ ವೈರ್, 87 ಫ್ಯಾನಿಗೆ, 86 ಹಸಿರಿನಿಂದ, 85 ಟೆಂಪರೇಚರ್ ಸ್ವಿಚ್ ಮೂಲಕ ಅರ್ಥಿಗೆ. ಫ್ಯೂಸ್ ಬಾಕ್ಸಿನ್ಯಾಗ 35 ಆಂಪ್ ಅಂತ ಬರದಿರ್ತದಲ್ಲ, ಅದು ಇಂಗ್ಲೆಂಡಿನ ಲೆಕ್ಕ, ಸುಡೂ ಆಂಪ್. ಸತತ ತಡಿಯೂದು 17. ಅಮೆರಿಕಾದ ಅಂಗಡ್ಯಾಗ 35 ಅಂತ ಕೇಳಿ ತಂದ್ರ ಅದು 35 ಸತತ ತಡೀತೈತಿ, ಫ್ಯೂಸಿನಕಿಂತ ಮೊದ್ಲ ವೈರ್ ಸುಡ್ತೈತಿ. 20ರ ಮ್ಯಾಲ ಹಾಕಬ್ಯಾಡ್ರಿ.

ಬರ್ಮಿಂಗ್‌ಹ್ಯಾಮ್ ಎಸ್‌ಯು:
ಎಲ್ಲರೂ ವೈರು, ನೀರು ಅಂತಲೇ ಹೊರಟಿದ್ದೀರಿ. ಇಗ್ನಿಷನ್ ಟೈಮಿಂಗ್ (ಕಿಡಿ ಬೀಳುವ ಹೊತ್ತು) ಹಿಂದೆ ಬಿದ್ದರೆ ಯಾವ ರೇಡಿಯೇಟರೂ ಕಾಪಾಡಲ್ಲ. ಕಿಡಿ ತಡವಾದಷ್ಟೂ ಉರಿ ಎಕ್ಸಾಸ್ಟ್ ವಾಲ್ವ್ ತೆರೆದ ಮೇಲೂ ನಡೆಯುತ್ತೆ, ಆ ಬಿಸಿ ಹೆಡ್ಡಿನ ಎಕ್ಸಾಸ್ಟ್ ದಾರಿಯ ಮೂಲಕ ನೀರಿಗೆ ಬರುತ್ತೆ. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ಒಳಗಿನ ತೂಕದ ಸ್ಪ್ರಿಂಗ್ ಐವತ್ತು ವರ್ಷಕ್ಕೆ ಎಳೆದುಹೋಗಿರುತ್ತೆ, ಕೆಲವು ಕಡೆ ತೂಕವೇ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತೆ. ವ್ಯಾಕ್ಯೂಮ್ ಪೈಪ್ ಕಿತ್ತು ಮುಚ್ಚಿ, ಟೈಮಿಂಗ್ ಲೈಟ್ ಹಿಡಿದು 3,500–4,000 ಆರ್‌ಪಿಎಂನಲ್ಲಿ ಒಟ್ಟು 32 ಡಿಗ್ರಿ ಅಡ್ವಾನ್ಸ್ (ಕಿಡಿ ಎಷ್ಟು ಮುಂಚೆ ಅನ್ನೋ ಕೋನ, ಬಿಸಿಯಲ್ಲ) ಸಿಗುತ್ತಾ ನೋಡಿ. 22 ಸಿಕ್ಕಿದರೆ ಕುದಿಯುವ ಕಾರಣ ಅಲ್ಲೇ ಇದೆ. ವ್ಯಾಕ್ಯೂಮ್ ಡಬ್ಬಿಯ ಪೈಪನ್ನ ಬಾಯಲ್ಲಿ ಎಳೆದು ನಾಲಿಗೆಯಿಂದ ಮುಚ್ಚಿ: ಎಳೆತ ನಿಂತರೆ ಸರಿ, ಗಾಳಿ ಬರುತ್ತಲೇ ಇದ್ದರೆ ಒಳಗಿನ ಪೊರೆ ಹರಿದಿದೆ. ನನಗೆ ಡಿಸ್ಟ್ರಿಬ್ಯೂಟರ್ ಪೂರ್ತಿ ಸರಿ ಮಾಡಿಸಲು 165 ಪೌಂಡ್ ಬಿತ್ತು. ಅದಕ್ಕೂ ಮೊದಲು ಕೊಂಡ ಅಗ್ಗದ ಕಂಡೆನ್ಸರ್‌ಗಳು ಒಂದೊಂದೂ ಬಿಸಿಗೆ ಸತ್ತವು, ಆ ದುಡ್ಡು ಬೇರೆ. ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಮಿಸ್ ಹೊಡೆಯುತ್ತೆ ಅಂದರೆ ಕಂಡೆನ್ಸರ್ ಅಥವಾ ರೋಟರ್ ಆರ್ಮ್. ಈಗ ಸಿಗುವ ಕೆಲವು ರೋಟರಿನ ರಿವೆಟ್ ಉದ್ದ, ಕಿಡಿ ಅದರ ಮೂಲಕ ಶಾಫ್ಟಿಗೇ ಹಾರುತ್ತೆ.

ಇನ್ನೊಂದು. 73ರ ಗಾಡಿಗೆ ಎಕ್ಸ್‌ಪಾನ್ಷನ್ ಟ್ಯಾಂಕ್ ಇಲ್ಲ. ಫಿಲ್ಲರ್ ಕತ್ತಿನಿಂದ ಒಂದು ಇಂಚು ಕೆಳಗೆ ನೀರು ಇರಬೇಕು. ತುಂಬಿ ತುಳುಕಿಸಿದರೆ ಬಿಸಿಯಾಗಿ ಹಿಗ್ಗಿದ ನೀರು ಹೊರಗೆ ಹೋಗಲೇಬೇಕು. ಅದನ್ನ ಕುದಿ ಅಂದುಕೊಂಡು ಮತ್ತೆ ತುಂಬುವವರೇ ಹೆಚ್ಚು.

ದುಬೈ ಕರಾವಳಿ:
ಇಲ್ಲಿ ಜುಲೈಯಲ್ಲಿ 45 ಡಿಗ್ರಿ ಉಂಟು, ನನ್ನದು 79ರ ರಬ್ಬರ್ ಬಂಪರ್. ಬಸವನಗುಡಿಯವರು 74 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟ್ ಹಾಕಿಸಿದ್ದಾರೆ ಅಂತ ಕಾಣ್ತದೆ, ಬಿಸಿ ದೇಶಕ್ಕೆ ಕಂಪನಿ ಹೇಳಿದ್ದೂ ಅದೇ. ಆದರೆ 74 ಹಾಕಿದರೆ ಕುದಿಯುವುದು ನಿಲ್ತದೆ ಅಂತ ಯಾರೂ ತಿಳಿಯಬೇಡಿ. 82ರದ್ದು 95ರ ಹೊತ್ತಿಗೆ ಪೂರ್ತಿ ತೆರೆದಿರ್ತದೆ. ಅಲ್ಲಿಂದ ಮೇಲೆ ಎಲ್ಲಿ ನಿಲ್ತದೆ ಅನ್ನುವುದು ರೇಡಿಯೇಟರ್ ಮತ್ತು ಗಾಳಿಯ ಲೆಕ್ಕ. 74ರಿಂದ ಕುದಿಯುವ ಜಾಗಕ್ಕೆ ಎರಡು ನಿಮಿಷ ತಡವಾಗಿ ಹೋಗ್ತೀರಿ ಅಷ್ಟೆ. ಥರ್ಮೋಸ್ಟಾಟ್ ಅಂಚಿಗೆ 3 ಮಿಮೀ ತೂತು ಕೊರೆಯಿರಿ, ತುಂಬುವಾಗ ಗಾಳಿ ಹೊರಗೆ ಹೋಗ್ಲಿಕ್ಕೆ. ಹೀಟರ್ ವಾಲ್ವ್ ತೆರೆದು, ಮೂತಿ ಎತ್ತರಕ್ಕೆ ಇಟ್ಟು ತುಂಬಿ.

ಕೂಲಂಟ್ (ಗ್ಲೈಕಾಲ್) ಮತ್ತು ನೀರು ಅರ್ಧಕ್ಕರ್ಧ ಬೇಡ. ಗ್ಲೈಕಾಲ್ ಹೆಚ್ಚಾದಷ್ಟು ಶಾಖ ಹೊರುವ ಶಕ್ತಿ ಕಡಿಮೆ. ಇಲ್ಲಿ ಹೆಪ್ಪುಗಟ್ಟುವ ಭಯ ಇಲ್ಲ, ನೂರಕ್ಕೆ 30 ಗ್ಲೈಕಾಲ್, 70 ಡಿಸ್ಟಿಲ್ಡ್ ನೀರು ಸಾಕು, ತುಕ್ಕಿಗೆ ಅಷ್ಟೇ ಬೇಕಾದ್ದು. ಹಳೆಯ ಹಸಿರು ಕೂಲಂಟೇ ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಕೋರಿನ ನಾಲ್ಕೂ ಬದಿ ಫೋಮ್ ಪಟ್ಟಿ ಉಂಟಾ ನೋಡಿ. ಅದಿಲ್ಲದಿದ್ದರೆ ಗಾಳಿ ರೇಡಿಯೇಟರ್ ಒಳಗೆ ಹೋಗದೆ ಪಕ್ಕದಿಂದ ನುಸುಳ್ತದೆ.

ಬಸವನಗುಡಿ 64:
ಮೇಡಂ, 74 ಕುದಿ ನಿಲ್ಲಿಸುತ್ತೆ ಅಂತ ನಾನು ಎಲ್ಲೂ ಬರೆದಿಲ್ಲ. ಮೇಲೆ ಹೋಗಿ ಓದಿ. ಸಿಗ್ನಲ್‌ನಲ್ಲಿ ನಿಲ್ಲೋ ಮೊದಲು ಎಂಟು ಡಿಗ್ರಿ ಕೆಳಗಿದ್ದರೆ ಆ ಎರಡು ನಿಮಿಷವೇ ಬೆಂಗಳೂರಿನಲ್ಲಿ ಬೆಲೆಬಾಳುವುದು. ನಮ್ಮಲ್ಲಿ ಮೆಕ್ಯಾನಿಕ್‌ಗಳು ಥರ್ಮೋಸ್ಟಾಟನ್ನೇ ಕಿತ್ತು ಹಾಕುತ್ತಾರೆ, ಅದರ ಬಗ್ಗೆ ಹೇಳಿ ಬೇಕಾದರೆ. ಅದು ಇಲ್ಲದಿದ್ದರೆ ಹೆಡ್ಡಿನೊಳಗಿನ ಒತ್ತಡ ಬಿದ್ದು ನೀರು ಮುಂದಿನಿಂದಲೇ ತಿರುಗಿ ಹೋಗುತ್ತೆ, ಹಿಂದಿನ ಸಿಲಿಂಡರ್ ಬೇಯುತ್ತೆ.

ಮತ್ತೆ ಬರ್ಮಿಂಗ್‌ಹ್ಯಾಮ್ ಸರ್, ನಿಮ್ಮ ಊರಲ್ಲಿ 25 ಡಿಗ್ರಿ ಆದರೆ ಬೇಸಿಗೆ. ಅಲ್ಲಿ ಕೂತು ಕೂಲಿಂಗ್ ಬಗ್ಗೆ ತೀರ್ಪು ಕೊಡಬೇಡಿ.

ಬರ್ಮಿಂಗ್‌ಹ್ಯಾಮ್ ಎಸ್‌ಯು:
ಟೈಮಿಂಗ್ ಲೈಟಿಗೆ ಊರಿನ ಬಿಸಿಲು ಗೊತ್ತಿಲ್ಲ ಸರ್. 32 ಅಂದರೆ ಎಲ್ಲ ಊರಲ್ಲೂ 32. ಅಷ್ಟಕ್ಕೂ ನಿಮ್ಮ 22 ಆಂಪ್ ಡೈನಮೋ ಸಾವಿರ ಆರ್‌ಪಿಎಂ ಕೆಳಗೆ ಚಾರ್ಜೇ ಮಾಡಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ರಾತ್ರಿ ಲೈಟ್ ಹಾಕಿ ನಿಂತಾಗ ನೀವು ಓಡಿಸ್ತಿರೋದು ಬ್ಯಾಟರಿ ಮೇಲೆ. ನೆಗೆಟಿವ್ ಅರ್ಥಿಗೆ ಬದಲಿಸಿ ಆಲ್ಟರ್ನೇಟರ್ ಹಾಕಿಸಿ ಅಂತ ಎಷ್ಟು ಜನ ಹೇಳಿದರೂ ನಿಮ್ಮದು ಅದೇ ಹಟ.

ಬಸವನಗುಡಿ 64:
ಡೈನಮೋ ಗಾಡಿಗೆ ಎಲೆಕ್ಟ್ರಿಕ್ ಫ್ಯಾನ್ ಇಲ್ಲ, ಅದಕ್ಕೇ ಸಾಲುತ್ತೆ. ಲೆಕ್ಕ ಹಾಕಿ: ಹೆಡ್‌ಲೈಟ್ ಡಿಪ್‌ನಲ್ಲಿ 9 ಆಂಪ್, ಸೈಡ್ ಲೈಟ್ ಮತ್ತು ಮೀಟರ್ ಬಲ್ಬ್ 3, ಇಗ್ನಿಷನ್ 4, ಪೆಟ್ರೋಲ್ ಪಂಪ್ ಒಂದೂವರೆ. ಹದಿನೇಳೂವರೆ ಆಯ್ತು. ಓಡುವಾಗ 22ರಲ್ಲಿ ಉಳಿಯುತ್ತೆ. ಡಲ್ಲಾಸ್‌ನವರ ಗಾಡಿಗೆ ಅದರ ಮೇಲೆ ಬ್ರೇಕ್ ಲೈಟ್ ಮೂರೂವರೆ, ಫ್ಯಾನ್ 10 ಸೇರಿಸಿ, 31. ಅವರ ಆಲ್ಟರ್ನೇಟರ್ ಮೈ ತುಂಬಾ ಓಡಿದರೆ 34–36, ಐಡ್ಲಿಂಗ್‌ನಲ್ಲಿ ಅದರ ಮೂರನೇ ಒಂದು ಪಾಲು ಬಂದರೆ ದೊಡ್ಡದು. ಬೆಲ್ಟ್ ಫ್ಯಾನ್ ವಾಪಸ್ ಹಾಕಿದರೆ ಎರಡೂ ತೊಂದರೆ ಅರ್ಧ ಕಡಿಮೆ ಆಗುತ್ತೆ ಅಂತ ನಾನು ಹೇಳ್ತಿರೋದು ಇದಕ್ಕೇ.

ಪಾಸಿಟಿವ್ ಅರ್ಥ್ ಬದಲಿಸೋದು ಬರೀ ಬ್ಯಾಟರಿ ತಿರುಗಿಸೋ ಕೆಲಸ ಅಲ್ಲ. ಡೈನಮೋದ ಎಫ್ ಟರ್ಮಿನಲ್ಲಿಗೆ ಬ್ಯಾಟರಿ ವೈರ್ ಕ್ಷಣಕಾಲ ಮುಟ್ಟಿಸಿ ಅದರ ಅಯಸ್ಕಾಂತ ಮಗುಚಬೇಕು, ಕಾಯಿಲಿನ ಎರಡು ವೈರ್ ಅದಲುಬದಲು ಮಾಡಬೇಕು. ಇಲ್ಲದಿದ್ದರೆ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗಿ ಬಿಸಿಯಲ್ಲಿ ಮಿಸ್ ಆಗುತ್ತೆ. ಪೆಟ್ರೋಲ್ ಪಂಪ್ ಒಳಗೆ ಡಯೋಡ್ ಇರುವಂಥದ್ದಾದರೆ ಅದು ಸತ್ತೇ ಹೋಗುತ್ತೆ. ಇಷ್ಟು ಮಾಡಿ ನನಗೆ ಸಿಗೋದೇನು? ಮೂಲ ರೂಪ ಹೋಗುತ್ತೆ, ಅಷ್ಟೇ.

ಹ್ಯೂಸ್ಟನ್ ಕನ್ನಡಿಗ:
ಮೂಲ ರೂಪ, ಮೂಲ ರೂಪ! ಅವರು ಕೇಳಿದ್ದು ಡಲ್ಲಾಸ್‌ನಲ್ಲಿ ದಿನಾ ಓಡಿಸೋ ಗಾಡಿ ಬಗ್ಗೆ. ಬೆಲ್ಟ್ ಫ್ಯಾನ್ ಐಡ್ಲಿಂಗ್‌ನಲ್ಲಿ ನಿಧಾನ ತಿರುಗುತ್ತೆ, ಗಾಳಿ ಬೇಕಾದಾಗಲೇ ಕೊಡಲ್ಲ. 77ರ ಮಾದರಿಯಿಂದ ಕಾರ್ಖಾನೆ ಅದನ್ನ ಬಿಟ್ಟದ್ದು ಸುಮ್ಮನೆ ಅಲ್ಲ.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್:
ಹ್ಯೂಸ್ಟನ್ ಸರ, ನಿಮ್ಮ ಎರಡು ಫ್ಯಾನಿನ ಕಪ್ಪು ವೈರ್ ಎಲ್ಲಿಗೆ ಹಚ್ಚೀರಿ? ರೇಡಿಯೇಟರಿನ ಬ್ರಾಕೆಟ್ಟಿಗೆ ಹಚ್ಚಿದ್ರ ಅಲ್ಯೂಮಿನಿಯಂ ಒಳಗಿಂದ ತಿಂದು ಹಾಕ್ತೈತಿ. ಮೀಟರಿನ ಮೈನಸ್ ಬ್ಯಾಟರಿ ಮೈನಸ್ಸಿಗೆ, ಪ್ಲಸ್ ಕಡ್ಡಿ ಕ್ಯಾಪ್ ತೆಗೆದು ನೀರಿನ್ಯಾಗ ಅದ್ದರಿ, ಲೋಹಕ್ಕ ತಾಗಬಾರದು. ಲೈಟ್, ಫ್ಯಾನ್ ಎಲ್ಲಾ ಆನ್ ಮಾಡ್ರಿ. 0.3 ವೋಲ್ಟ್ ದಾಟಿದ್ರ ಆ 365 ಡಾಲರ್ ತಳದಾಗ ಸಣ್ಣ ಸಣ್ಣ ತೂತು ಬೀಳಾಕ ಶುರು ಆಗ್ಯಾವ ಅಂತ ತಿಳೀರಿ. ಫ್ಯಾನಿನ ಅರ್ಥ್ ಬಾಡಿಗೆ ಹೋಗಬೇಕು, ರೇಡಿಯೇಟರ್ ರಬ್ಬರ್ ಮ್ಯಾಲ ಕೂಡಬೇಕು.

ಎಲ್ಲಾರಿಗೂ ಇನ್ನೊಂದು ಮಾತು. ಎಂಜಿನ್ ರಬ್ಬರ್ ಮೌಂಟಿನ ಮ್ಯಾಲ ಐತಿ, ಅದಕ್ಕ ಅರ್ಥ್ ಹೋಗೂದು ಒಂದು ಹೆಣೆದ ಪಟ್ಟಿಯಿಂದ. ಅದು ಕೊಳೆತಿದ್ರ ಸೆಲ್ಫ್ ಹೊಡೆಯೂ ಮುಂದ ಕರೆಂಟ್ ಚೋಕ್ ಕೇಬಲ್ ಹುಡುಕ್ಕೊಂಡು ಹೋಗ್ತೈತಿ, ಕೇಬಲ್ ಕೈಗೆ ಬಿಸಿ ಹತ್ತತೈತಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ ಕಂಬಕ್ಕ, ಇನ್ನೊಂದು ಎಂಜಿನ್ ಬ್ಲಾಕಿಗೆ, ಸೆಲ್ಫ್ ಹೊಡೀರಿ. ಅರ್ಧ ವೋಲ್ಟ್ ದಾಟಿದ್ರ ಪಟ್ಟಿ ಬದಲಿ ಮಾಡ್ರಿ. 73ರದ್ದಕ್ಕ ಸೀಟಿನ ಹಿಂದ ಎರಡು 6 ವೋಲ್ಟ್ ಬ್ಯಾಟರಿ ಇರ್ತಾವ, ಅವುಗಳ ನಡುವಿನ ಜೋಡು ಕೇಬಲ್ ಯಾರೂ ನೋಡೂದಿಲ್ಲ, ಅಲ್ಲೇ ಒಂದು ವೋಲ್ಟ್ ಹೋಗಿರ್ತೈತಿ.

ಹ್ಯೂಸ್ಟನ್ ಕನ್ನಡಿಗ:
ನನ್ನ ಫ್ಯಾನ್ ಅರ್ಥ್ ಬಾಡಿಗೇ ಇದೆ. ಮತ್ತೆ ಎರಡು 6 ವೋಲ್ಟ್ ಬ್ಯಾಟರಿ ಇಟ್ಟುಕೊಂಡು ಒದ್ದಾಡೋದು ಬಿಟ್ಟು ಒಂದು 12 ವೋಲ್ಟಿಂದು ಹಾಕಿ. 1974ರ ಕೊನೆಗೆ ಬಂದ ಗಾಡಿಗಳಿಗೆ ಕಾರ್ಖಾನೆಯೇ ಹಾಗೆ ಮಾಡಿತು.

ದುಬೈ ಕರಾವಳಿ:
ಬ್ಯಾಟರಿ ಜಗಳ ಬೇರೆ ಕಡೆ ಮಾಡುವ. ಡಲ್ಲಾಸ್‌ನವರು ಇನ್ನೂ ಅಳತೆ ಹೇಳಿಲ್ಲ. ಇನ್‌ಫ್ರಾರೆಡ್ ಗನ್ ಇದ್ದರೆ ಥರ್ಮೋಸ್ಟಾಟ್ ಹೌಸಿಂಗ್ ನೋಡಿ, ಆದರೆ ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸ್ತದೆ, ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಕೋರಿನ ಮೇಲೆ ಅಡ್ಡಡ್ಡ ಹಿಡಿಯುತ್ತಾ ಹೋಗಿ, ಒಂದು ಕಡೆ ತಣ್ಣಗಿದ್ದರೆ ಅಲ್ಲಿ ಟ್ಯೂಬ್ ಕಟ್ಟಿದೆ. ಮತ್ತೆ ಮುಖ್ಯ, ಫ್ಯಾನ್ ಆನ್ ಮಾಡಿ ಗ್ರಿಲ್ ಮುಂದೆ ತೆಳ್ಳಗಿನ ಕಾಗದ ಹಿಡಿಯಿರಿ. ಒಳಗೆ ಎಳೆದುಕೊಳ್ಳಬೇಕು.

ಡಲ್ಲಾಸ್ ರೋಡ್‌ಸ್ಟರ್:
ಎಲ್ಲರಿಗೂ ಧನ್ಯವಾದ. ಅಳತೆಗಳು: ಫ್ಯಾನ್ ಹುಬ್ಬಳ್ಳಿಯವರು ಹೇಳಿದ ಹಾಗೆ ಹಸಿರು ಫ್ಯೂಸಿನ ಮೇಲೇ ಇದೆ. ಐಡ್ಲಿಂಗ್‌ನಲ್ಲಿ ಲೈಟ್, ಫ್ಯಾನ್ ಆನ್ ಇದ್ದಾಗ ಬ್ಯಾಟರಿಯಲ್ಲಿ 12.4, ಫ್ಯಾನಿನ ಹತ್ತಿರ 10.1. ಸ್ಟೆಬಿಲೈಸರ್ ಬಲ್ಬ್ ಒಂದೇ ಸವನೆ ಉರೀತಿತ್ತು. ಸ್ಕ್ರೂ ಬಿಚ್ಚಿ ಉಜ್ಜಿ ಕೂರಿಸಿದ ಮೇಲೆ ಮಿಟುಕುತ್ತೆ, ಹೈವೇಲಿ ಮುಳ್ಳು ಎನ್ ಮೇಲೇ ನಿಲ್ಲುತ್ತೆ. ಟ್ರಾಫಿಕ್‌ನಲ್ಲಿ ಇನ್ನೂ ಏರುತ್ತೆ. ಗ್ರಿಲ್ ಮುಂದೆ ಹಿಡಿದ ಕಾಗದ ಹೊರಕ್ಕೆ ಹಾರಿತು.

ದುಬೈ ಕರಾವಳಿ:
ಹಾಗಾದರೆ ಫ್ಯಾನ್ ಉಲ್ಟಾ ತಿರುಗ್ತಾ ಉಂಟು. ಎಂಜಿನ್ ಕಡೆಯ ಬಿಸಿ ಗಾಳಿಯನ್ನ ಕೋರಿನ ಮೂಲಕ ಮುಂದಕ್ಕೆ ತಳ್ತಾ ಉಂಟು. ಗಾಡಿ ಓಡುವಾಗ ಎದುರುಗಾಳಿಗೆ ಅಡ್ಡ, ನಿಂತಾಗ ಬಿಸಿ ಗಾಳಿ ಸುತ್ತು. ಇದು ಹಿಂದೆ ಕೂರಿಸಿ ಎಳೆಯುವ ಫ್ಯಾನ್, ಅದನ್ನ ಮುಂದೆ ಕೂರಿಸಿದ್ದಾರೆ. ಎರಡು ವೈರ್ ಅದಲುಬದಲು ಮಾಡಿ.

ಹುಬ್ಬಳ್ಳಿ ಆಟೋ ಎಲೆಕ್ಟ್ರಿಷಿಯನ್:
ಬರೀ ವೈರ್ ಬದಲಿ ಮಾಡಿದ್ರ ದಿಕ್ಕು ಬದಲಿ ಆಗ್ತೈತಿ ಖರೆ, ಆದ್ರ ರೆಕ್ಕಿ ಬಾಗು ಉಲ್ಟಾ ಇರ್ತೈತಿ, ಗಾಳಿ ಕಡಿಮಿ. ನಟ್ ಬಿಚ್ಚಿ ರೆಕ್ಕಿ ಮಗುಚಿ ಹಾಕ್ರಿ, ವೈರೂ ಬದಲಿ ಮಾಡ್ರಿ, ಎರಡೂ ಕೂಡಿ ಮಾಡಬೇಕು. ರಿಲೇ ಹಚ್ಚಿದ ಮ್ಯಾಲ ಫ್ಯಾನಿನ ಹತ್ರ ಮತ್ತ ಅಳೀರಿ, ಬ್ಯಾಟರಿಗೂ ಫ್ಯಾನಿಗೂ ಅರ್ಧ ವೋಲ್ಟಿನಕಿಂತ ಹೆಚ್ಚು ಫರಕ್ ಇರಬಾರದು. ಕೋರಿನ ನಡುವ ಪ್ಲಾಸ್ಟಿಕ್ ಕಡ್ಡಿ ಚುಚ್ಚಿ ಫ್ಯಾನ್ ಕಟ್ಟಿದ್ರ ಮೊದ್ಲ ಅದನ್ನ ತಗೀರಿ, ಅದು ನಡುಗಿ ನಡುಗಿ ಟ್ಯೂಬ್ ಕೊರೀತೈತಿ. ತಗಡಿನ ಪಟ್ಟಿ ಮಾಡಿ ರೇಡಿಯೇಟರಿನ ಬದಿ ಬೋಲ್ಟಿಗೆ ಹಿಡಸ್ರಿ.

ಬಸವನಗುಡಿ 64:
ಅಂದರೆ 365 ಡಾಲರಿನ ರೇಡಿಯೇಟರ್ ಬೇಕಾಗಲೇ ಇಲ್ಲ. ಹ್ಯೂಸ್ಟನ್‌ನವರು ಇದಕ್ಕೆ ಏನು ಹೇಳ್ತಾರೆ?

ಹ್ಯೂಸ್ಟನ್ ಕನ್ನಡಿಗ:
ರಿಲೇ ಹಾಕಿ, ರೆಕ್ಕೆ ಮಗುಚಿ, 38 ಡಿಗ್ರಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ ನೋಡಲಿ, ಆಮೇಲೆ ಮಾತಾಡಿ. ಐಡ್ಲಿಂಗ್‌ನಲ್ಲಿ ಬ್ಯಾಟರಿ 12.4 ಅಂದರೆ ಆಲ್ಟರ್ನೇಟರ್ ಚಾರ್ಜ್ ಕೊಡ್ತಾನೇ ಇಲ್ಲ, ಅದು ನಿಮಗೆ ಕಾಣಲಿಲ್ವಾ? 2,500 ಆರ್‌ಪಿಎಂನಲ್ಲಿ 14ರ ಮೇಲೆ ಬರಬೇಕು. ಬರದಿದ್ದರೆ ಆಲ್ಟರ್ನೇಟರಿನ ಹಿಂದಿನ ಮುಚ್ಚಳ ತೆಗೆದು ಒಳಗಿನ ಬ್ರಷ್ (ಸವೆಯುವ ಕಾರ್ಬನ್ ತುಂಡು) ಉದ್ದ ಅಳೆಯಿರಿ. ಬ್ರಷ್ ಸರಿ ಇದ್ದರೆ ಹಿಂದಿನ ಪ್ಲಗ್ಗಿನ ದಪ್ಪ ಕಂದು ವೈರಿನ ತುದಿ ಕಪ್ಪಾಗಿದೆಯಾ ನೋಡಿ.

ಬಸವನಗುಡಿ 64:
ಬೆಲ್ಟ್ ಬಿಗಿ ಮೊದಲು ನೋಡಲಿ. ಎರಡು ಪುಲ್ಲಿ ನಡುವಿನ ಉದ್ದದ ಭಾಗ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು. ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸೋದು, ಅದು ಜಾರಿದರೆ ಚಾರ್ಜೂ ಇಲ್ಲ, ನೀರೂ ಓಡಲ್ಲ. ಬ್ರಷ್ ಬಿಚ್ಚೋಕೆ ಮುಂಚೆ ಇದು ಎರಡು ನಿಮಿಷದ ಕೆಲಸ, 63 ಆಂಪಿನವರಿಗೆ ಇದು ಹೊಳೆಯಲ್ಲ.